ಹನ್ನೊಂದು ಮುಖಗಳ ಪಾಠ

ದೊಡ್ಡ ಊರುಗಳಲ್ಲಿ ಈಗ ಭಾನುವಾರದ ಚಿತ್ರಕಲಾ ಶಿಬಿರಗಳಿಗೆ ಬರವಿಲ್ಲ. ಯಾವುದೋ ಕೆಫೆಯ ಮಹಡಿಯಲ್ಲಿ ಸಾಲಾಗಿ ಈಸಲ್‌ಗಳು, ಒಬ್ಬೊಬ್ಬರಿಗೂ ಒಂದು ಏಪ್ರನ್, ಒಂದು ಪುಟ್ಟ ಕ್ಯಾನ್ವಾಸು, ಎರಡೂವರೆ ಗಂಟೆಯ ಅವಧಿ. ಹೊರಡುವಾಗ ಎಲ್ಲರ ಕೈಯಲ್ಲೂ ಒಂದೊಂದು ಸೂರ್ಯಾಸ್ತ. ಇದರಲ್ಲಿ ತಪ್ಪೇನಿಲ್ಲ. ವಾರವಿಡೀ ಕಂಪ್ಯೂಟರ್ ಮುಂದೆ ಕೂತವರಿಗೆ ಬಣ್ಣ ಮುಟ್ಟುವ ಸುಖವೇ ಬೇರೆ. ಆದರೆ ಅಲ್ಲಿ ಕೈಗೆ ಕೊಡುವುದು ಬಹುಪಾಲು ಅಕ್ರಿಲಿಕ್. ತೈಲವರ್ಣ ಕೊಟ್ಟರೆ ಸೂರ್ಯಾಸ್ತ ಒಣಗದೆ ಕಾರಿನ ಸೀಟಿಗೆ ಅಂಟಿಕೊಳ್ಳುತ್ತದೆ.

ಇಂಥ ಶಿಬಿರಗಳಿಗೆ ಹೋದವರಲ್ಲಿ ಕೆಲವರಿಗಾದರೂ ರುಚಿ ಹತ್ತುತ್ತದೆ. ತೈಲವರ್ಣವನ್ನು ಸರಿಯಾಗಿ ಕಲಿಯಬೇಕು ಅನ್ನಿಸುತ್ತದೆ. ಆಗ ಅವರಿಗೆ ಸಿಗುವ ಸಲಹೆ ಎರಡೇ ಬಗೆಯದು. ಒಂದು, ಮನಸ್ಸಿಗೆ ಬಂದದ್ದನ್ನು ಬಿಡಿಸಿ, ನಿಮ್ಮತನ ತಾನೇ ಹೊರಗೆ ಬರುತ್ತದೆ. ಇನ್ನೊಂದು, ಮೇಜಿನ ಮೇಲೆ ಒಂದು ಸೇಬು, ಒಂದು ತಾಮ್ರದ ಚೊಂಬು ಇಟ್ಟುಕೊಂಡು ನೋಡಿ ನೋಡಿ ಬರೆಯಿರಿ. ಮೊದಲನೆಯದು ಸಲಹೆಯೇ ಅಲ್ಲ. ಎರಡನೆಯದು ಒಳ್ಳೆಯದು, ಆದರೆ ಸಾಲದು. ಇವೆರಡಕ್ಕಿಂತ ಹಳೆಯದಾದ ಮೂರನೆಯ ದಾರಿಯೊಂದಿದೆ. ಹಲವು ವ್ಯಕ್ತಿಗಳು ಒಟ್ಟಾಗಿರುವ ಹಳೆಯ ಭಾವಚಿತ್ರವೊಂದನ್ನು ಆರಿಸಿಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ತನ್ನ ಕೈಯಿಂದ ಮತ್ತೊಮ್ಮೆ ಕಟ್ಟುವುದು. ಆರು ತಿಂಗಳು ಹಿಡಿದರೆ ಹಿಡಿಯಲಿ.

ಈ ಮಾತಿಗೆ ಮೊದಲ ಅಡ್ಡಿ ಬರುವುದು ಒಂದು ಪದದಿಂದ. ಕನ್ನಡದಲ್ಲಿ ನಕಲು ಎಂದರೆ ಪರೀಕ್ಷೆಯಲ್ಲಿ ಹೊಡೆಯುವಂಥದ್ದು, ಸಿಕ್ಕಿಬಿದ್ದರೆ ಹೊರಗೆ ಹಾಕುವಂಥದ್ದು. ಅದೇ ಪದ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಎಷ್ಟು ಮರ್ಯಾದಸ್ಥ! ಪಹಣಿಯ ದೃಢೀಕೃತ ನಕಲಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಚಿತ್ರಕಲೆಯ ವಿಷಯಕ್ಕೆ ಬಂದಾಗ ಮಾತ್ರ ಪರೀಕ್ಷಾ ಕೊಠಡಿಯ ಅರ್ಥವೇ ಗೆದ್ದುಬಿಟ್ಟಿದೆ. ಸಂಗೀತದಲ್ಲಿ ಹೀಗಾಗಿಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ ಎಲ್ಲವೂ ಬೇರೆಯವರು ಕಟ್ಟಿದ್ದೇ. ಗುರುವಿನ ಪಾಠಾಂತರವನ್ನು ಗಮಕ ತಪ್ಪದಂತೆ ಹತ್ತು ವರ್ಷ ಹಾಡಿದವಳನ್ನು ಯಾರೂ ಕಳ್ಳಿ ಅನ್ನುವುದಿಲ್ಲ. ಚೆನ್ನಾಗಿ ಪಾಠವಾಗಿದೆ ಅನ್ನುತ್ತಾರೆ. ಮಾಟುಂಗದ ಸಂಗೀತ ತರಗತಿಗೆ ಮಗಳನ್ನು ಕಳಿಸುವ ತಾಯಿ, ಮೊದಲ ದಿನವೇ ಸ್ವಂತ ರಾಗ ಹಾಡಿಸಿ ಎಂದು ಟೀಚರಿಗೆ ಹೇಳುವುದಿಲ್ಲ. ಅದೇ ತಾಯಿ ಚಿತ್ರದ ತರಗತಿಯಲ್ಲಿ ಮಗಳು ಏನನ್ನಾದರೂ ನೋಡಿ ಬರೆದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯ ಬಾಗಿಲು ತೆರೆದದ್ದು 1793ರಲ್ಲಿ, ಕ್ರಾಂತಿಯ ಕಾಲದಲ್ಲಿ. ಆಗ ಅಲ್ಲಿ ವಾರಕ್ಕೆ ಹತ್ತು ದಿನ. ಆ ಹತ್ತರಲ್ಲಿ ಸಾರ್ವಜನಿಕರಿಗೆ ಸಿಕ್ಕಿದ್ದು ಮೂರು ದಿನ. ಹೆಚ್ಚಿನ ದಿನಗಳು ಗೋಡೆಯ ಚಿತ್ರಗಳನ್ನು ನೋಡಿ ಬರೆಯುವ ಕಲಾವಿದರಿಗೆ ಮೀಸಲು. ಸಂಗ್ರಹಾಲಯ ಎಂದರೆ ಮೊದಲು ಪಾಠಶಾಲೆ, ಆಮೇಲೆ ಪ್ರದರ್ಶನ ಎಂಬ ತಿಳಿವಳಿಕೆ ಅದು. ಇಂದಿಗೂ ಅಲ್ಲಿ ಅನುಮತಿ ಪಡೆದು ಈಸಲ್ ಇಟ್ಟು ಕೂರಬಹುದು. ಷರತ್ತುಗಳಿವೆ. ಪ್ರತಿಯ ಅಳತೆ ಮೂಲದ ಅಳತೆಯೇ ಆಗಿರಬಾರದು, ಐದನೇ ಒಂದು ಭಾಗದಷ್ಟಾದರೂ ದೊಡ್ಡದೋ ಚಿಕ್ಕದೋ ಇರಬೇಕು. ಮೂಲ ಕಲಾವಿದನ ಸಹಿಯನ್ನು ಬರೆಯಕೂಡದು. ಕ್ಯಾನ್ವಾಸಿನ ಬೆನ್ನಿಗೆ ಸಂಗ್ರಹಾಲಯದ ಮುದ್ರೆ ಬೀಳುತ್ತದೆ. ಇಷ್ಟು ಮಾಡಿದರೆ ಕಲಿಕೆಗೂ ಕಳ್ಳತನಕ್ಕೂ ನಡುವೆ ಗೆರೆ ಎಳೆದಂತಾಯಿತು, ತಕರಾರಿಲ್ಲ.

ಆ ಕೊಠಡಿಗಳಲ್ಲಿ ಹೀಗೆ ಕೂತವರಲ್ಲಿ ಎದ್ವಾರ್ ಮನೆ ಒಬ್ಬ. ಕುಟೂರ್ ಎಂಬ ಗುರುವಿನ ಸ್ಟುಡಿಯೋದಲ್ಲಿ ಸುಮಾರು ಆರು ವರ್ಷ ಪಳಗಿ ಹೊರಬಂದ ಮೇಲೂ ಅವನು ಲೂವ್ರ್‌ಗೆ ಹೋಗಿ ಪ್ರತಿ ತೆಗೆಯುವುದನ್ನು ಬಿಡಲಿಲ್ಲ. ಅಲ್ಲಿ ಒಂದು ಸ್ಪ್ಯಾನಿಷ್ ಚಿತ್ರವಿತ್ತು. ಹದಿಮೂರು ಜನ ಗಂಡಸರು, ಟೋಪಿ, ಮೇಲಂಗಿ, ಕತ್ತಿ, ಗುಂಪು ಗುಂಪಾಗಿ ನಿಂತು ಮಾತಾಡುತ್ತಿದ್ದಾರೆ. ‘ಪುಟ್ಟ ಸರದಾರರು’ ಎಂಬರ್ಥದ ಹೆಸರು ಅದಕ್ಕೆ. 1851ರಲ್ಲಿ ಲೂವ್ರ್ ಅದನ್ನು ಕೊಂಡಾಗ ವೆಲಾಸ್ಕೆಸ್ ಬರೆದದ್ದೆಂದೇ ಎಲ್ಲರ ನಂಬಿಕೆ. ಮನೆ ಅದನ್ನು ತೈಲವರ್ಣದಲ್ಲಿ ಮರುಕಟ್ಟಿದ, ಆಮೇಲೆ ತಾಮ್ರದ ಹಾಳೆಯ ಮೇಲೂ ಕೊರೆದ. ಸ್ಪೇನಿಗೆ ಕಾಲಿಟ್ಟದ್ದು ಅದಕ್ಕೂ ಎಷ್ಟೋ ನಂತರ, 1865ರಲ್ಲಿ.

ಇದರಿಂದ ಅವನಿಗೆ ಸಿಕ್ಕಿದ್ದೇನು ಎಂಬುದಕ್ಕೆ ಉತ್ತರ 1862ರ ಇನ್ನೊಂದು ಚಿತ್ರದಲ್ಲಿದೆ. ಹೆಸರು ‘ತ್ಯೂಲೆರಿ ತೋಟದಲ್ಲಿ ಸಂಗೀತ’. ಮರಗಳ ಕೆಳಗೆ ಪ್ಯಾರಿಸ್ಸಿನ ಜನ ಕಿಕ್ಕಿರಿದಿದ್ದಾರೆ. ಅವರಲ್ಲಿ ಕವಿ ಬೋದಿಲೇರ್ ಇದ್ದಾನೆ, ಸಂಗೀತಗಾರ ಆಫೆನ್‌ಬಾಖ್ ಇದ್ದಾನೆ, ಕಲಾವಿದನ ತಮ್ಮ ಇದ್ದಾನೆ, ಎಡತುದಿಯಲ್ಲಿ ಸ್ವತಃ ಕಲಾವಿದನಿದ್ದಾನೆ. ತಮಾಷೆಯೆಂದರೆ ಹೆಸರಿನಲ್ಲಿ ಸಂಗೀತವಿದ್ದರೂ ಚಿತ್ರದಲ್ಲಿ ವಾದ್ಯ ನುಡಿಸುವವರು ಕಾಣುವುದೇ ಇಲ್ಲ. ಕೆಲವು ಮುಖಗಳು ಸ್ಪಷ್ಟ, ಕೆಲವು ಬರೀ ಎರಡು ಕುಂಚದ ಏಟು. ಟೋಪಿಗಳ ಕಪ್ಪು ಒಂದರ ಪಕ್ಕ ಒಂದು ಕೂತು ತಾಳ ಹಾಕುತ್ತದೆ. ಮುಗಿಸದೆ ಬಿಟ್ಟಿದ್ದಾನೆ ಎಂದು ಆ ಕಾಲದವರು ಬೈದರು. ಆದರೆ ಹದಿಮೂರು ಸರದಾರರ ಪ್ರತಿ ತೆಗೆದ ಕೈಗೆ ಒಂದು ಗುಟ್ಟು ಗೊತ್ತಾಗಿತ್ತು. ಗುಂಪಿನಲ್ಲಿ ಎಲ್ಲರನ್ನೂ ಮುಗಿಸಿದರೆ ಗುಂಪು ಉಳಿಯುವುದಿಲ್ಲ.

ಆ ‘ಪುಟ್ಟ ಸರದಾರರು’ ವೆಲಾಸ್ಕೆಸ್ ಬರೆದದ್ದಲ್ಲ ಎಂಬುದು ಈಗಿನ ಕಲಾ ಇತಿಹಾಸಕಾರರ ಅಭಿಪ್ರಾಯ. ಅಂದರೆ ಮನೆ ತಪ್ಪು ಗುರುವಿನ ಮುಂದೆ ಕೂತು ಸರಿಯಾದ ಪಾಠ ಕಲಿತ. ಮಣ್ಣಿನ ಮೂರ್ತಿಯ ಮುಂದೆ ಬಿಲ್ವಿದ್ಯೆ ಕಲಿತವನ ಕತೆ ಗೊತ್ತಿರುವವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಅವನ ಗೆಳೆಯ ಫಾಂತಾ-ಲತೂರ್ ಹೊಟ್ಟೆಪಾಡಿಗೆ ಪ್ರತಿ ತೆಗೆದವನು. ವೆರೊನೇಸೆಯ ‘ಕಾನಾದ ಮದುವೆ’, ಹತ್ತಿರ ಹತ್ತಿರ ಹತ್ತು ಮೀಟರ್ ಅಗಲದ, ನೂರಕ್ಕೂ ಹೆಚ್ಚು ಆಕೃತಿಗಳಿರುವ ಚಿತ್ರ, ಅದನ್ನು ಗಿರಾಕಿಗಳಿಗಾಗಿ ಹಲವು ಸಲ ಚಿಕ್ಕದಾಗಿ ಬರೆದುಕೊಟ್ಟ. ಮುಂದೆ ಅವನ ಹೆಸರು ಉಳಿದದ್ದು ಹೂವಿನ ಚಿತ್ರಗಳಿಂದ ಮತ್ತು ಗುಂಪು ಭಾವಚಿತ್ರಗಳಿಂದ. ಮದುವೆ ಮನೆಯ ನೂರು ತಲೆಗಳನ್ನು ಮತ್ತೆ ಮತ್ತೆ ಜೋಡಿಸಿದವನಿಗೆ ಹತ್ತು ಗೆಳೆಯರನ್ನು ಒಂದು ಚೌಕಟ್ಟಿನಲ್ಲಿ ನಿಲ್ಲಿಸುವುದು ಕಷ್ಟವಾಗಲಿಲ್ಲ ಎಂದರೆ ಅದು ಊಹೆಯಾದರೂ ದೂರದ ಊಹೆಯಲ್ಲ.

ಇಷ್ಟು ದೂರದ ಉದಾಹರಣೆ ಏಕೆ ಎಂದು ಕೇಳುವವರಿಗೆ ಹತ್ತಿರದ್ದೂ ಇದೆ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಗೆ ಶಾಲಾ ಪ್ರವಾಸದಲ್ಲಿ ಹೋಗಿಬಂದವರಿಗೆ ನೆನಪಿರುವುದು ಸಾಮಾನ್ಯವಾಗಿ ದೀಪ ಹಿಡಿದ ಹೆಂಗಸಿನ ಚಿತ್ರ. ಅದನ್ನು ರವಿವರ್ಮರದು ಎಂದುಕೊಂಡವರೂ ಕಡಿಮೆಯಿಲ್ಲ, ತೈಲವರ್ಣ ಎಂದುಕೊಂಡವರೂ ಕಡಿಮೆಯಿಲ್ಲ. ಅದು ಸಾವಂತವಾಡಿಯಲ್ಲಿ ಹುಟ್ಟಿ ಮುಂಬೈಯ ಜೆ.ಜೆ. ಶಾಲೆಯಲ್ಲಿ ಕಲಿತ ಹಲ್ದಣಕರರ ಜಲವರ್ಣ. ಇದೇ ಕಟ್ಟಡದಲ್ಲಿ ರವಿವರ್ಮರ 1889ರ ಚಿತ್ರವೊಂದಿದೆ, ಇಂಗ್ಲಿಷಿನಲ್ಲಿ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’. ಹನ್ನೊಂದು ಹೆಂಗಸರು, ಬೇರೆ ಬೇರೆ ಸೀಮೆಯ ಉಡುಗೆ, ಕೆಲವರ ಕೈಯಲ್ಲಿ ವಾದ್ಯ. ಮಲಯಾಳಿ ಬಿಳಿ ಮುಂಡಿನವಳು ವೀಣೆ ಹಿಡಿದಿದ್ದಾಳೆ, ಮುಸ್ಲಿಂ ಉಡುಗೆಯವಳಿದ್ದಾಳೆ, ಹಿಂದೆ ಯುರೋಪಿನ ಟೋಪಿ ಇಟ್ಟವಳೂ ಇದ್ದಾಳೆ. ತೈಲವರ್ಣ ಕಲಿಯಬಯಸುವ ಕನ್ನಡಿಗರಿಗೆ ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಸಿಗುವುದು ಕಷ್ಟ.

ಒಂಟಿ ಭಾವಚಿತ್ರ ಸಾಲದೇ, ಗುಂಪೇ ಏಕೆ? ಒಂದೇ ಮುಖ ಬರೆಯುವಾಗ ಕಲಿಯುವವರ ಗಮನವೆಲ್ಲ ಹೋಲಿಕೆಯ ಮೇಲೆ ಇರುತ್ತದೆ. ಮೂಗು ಸರಿಯಾಯಿತೇ, ಕಣ್ಣು ಸರಿಯಾಯಿತೇ. ಹೋಲಿಕೆ ಬಂತು ಅಂದರೆ ಚಿತ್ರ ಬಂತು ಎಂಬ ಭ್ರಮೆ. ಹನ್ನೊಂದು ಮುಖಗಳಿರುವಾಗ ಈ ಭ್ರಮೆ ನಡೆಯುವುದಿಲ್ಲ. ಒಬ್ಬಳ ತಲೆ ಕೂದಲೆಳೆಯಷ್ಟು ದೊಡ್ಡದಾದರೂ ಪಕ್ಕದವಳು ಮಗುವಿನಂತೆ ಕಾಣುತ್ತಾಳೆ. ಮುಂದೆ ಕೂತವಳ ಸೀರೆಯ ಕೆಂಪು ಸ್ವಲ್ಪ ಜಾಸ್ತಿಯಾದರೆ ಹಿಂದೆ ನಿಂತವರೆಲ್ಲ ಮಂಕಾಗುತ್ತಾರೆ. ಪ್ರತಿಯೊಂದೂ ಇನ್ನೊಂದರ ಲೆಕ್ಕದಲ್ಲಿ ನಿಂತಿದೆ. ಕೂಡು ಕುಟುಂಬಕ್ಕೆ ಸೊಸೆಯಾಗಿ ಹೋದವಳಿಗೆ ಅರ್ಥವಾಗುವಂಥ ಸತ್ಯ ಇದು.

ಕೆಲಸ ಶುರುವಾಗುವುದು ಬಣ್ಣದಿಂದಲ್ಲ, ಚೌಕಗಳಿಂದ. ಮೂಲದ ಚಿತ್ರದ ಮೇಲೂ ಕ್ಯಾನ್ವಾಸಿನ ಮೇಲೂ ಒಂದೇ ಪ್ರಮಾಣದ ಚೌಕಗಳನ್ನು ಎಳೆದು, ಒಂದೊಂದು ಚೌಕದಲ್ಲಿ ಏನಿದೆಯೋ ಅದನ್ನು ಮಾತ್ರ ಇಳಿಸುತ್ತ ಹೋಗುವುದು. ಕ್ಯಾನ್ವಾಸು ಎರಡು ಅಡಿಗೆ ಮೂರು ಅಡಿಯಾದರೂ ಇರಲಿ, ಇಲ್ಲದಿದ್ದರೆ ಮುಖಗಳು ಅಡಕೆಯಷ್ಟಾಗಿ ಕುಂಚಕ್ಕೆ ಜಾಗವೇ ಇರುವುದಿಲ್ಲ. ಚೌಕಗಳ ಉಪಕಾರವೆಂದರೆ ಅವು ಹೆಸರುಗಳನ್ನು ಮರೆಸುತ್ತವೆ. ಕೈ ಎಂದುಕೊಂಡು ಬರೆದರೆ ತಲೆಯಲ್ಲಿರುವ ಕೈ ಬರುತ್ತದೆ, ಐದು ಬೆರಳು ಬಿಡಿಸಿಟ್ಟ ಹಸ್ತ. ಚೌಕದೊಳಗಿನ ಒಂದು ಓರೆ ತ್ರಿಕೋನ ಎಂದುಕೊಂಡು ಬರೆದರೆ ಮೂಲದ ಕೈ ಬರುತ್ತದೆ. ಎರಡು ತಲೆಗಳ ನಡುವಿನ ಖಾಲಿ ಜಾಗಕ್ಕೂ ಒಂದು ಆಕಾರವಿದೆ, ಅದನ್ನು ಸರಿಯಾಗಿ ಬರೆದರೆ ತಲೆಗಳು ತಾವಾಗಿ ಸರಿಯಾಗುತ್ತವೆ ಎಂಬುದು ಗುಂಪಿನ ಚಿತ್ರ ಕಲಿಸುವ ಮೊದಲ ಪಾಠ. ಇದನ್ನು ಬಾಯಲ್ಲಿ ಎಷ್ಟು ಸಲ ಹೇಳಿದರೂ ಕೈಗೆ ಇಳಿಯುವುದಿಲ್ಲ.

ಆಮೇಲೆ ಕಂದು. ಅಂಬರ್ ಎಂಬ ಮಣ್ಣಿನ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಕರಗಿಸಿ ಇಡೀ ಚಿತ್ರದ ಕತ್ತಲು ಬೆಳಕನ್ನು ಮಾತ್ರ ಹಾಕುವುದು. ಬೆಳಕು ಬೇಕಾದಲ್ಲಿ ಹಳೆ ಬನಿಯನ್ ತುಂಡಿನಿಂದ ಒರೆಸಿ ತೆಗೆಯುವುದು. ಕಣ್ಣು ಅರ್ಧ ಮುಚ್ಚಿ ನೋಡಿದರೆ ವಿವರಗಳೆಲ್ಲ ಅಳಿಸಿ ಹೋಗಿ ದೊಡ್ಡ ದೊಡ್ಡ ನೆರಳಿನ ತುಂಡುಗಳು ಉಳಿಯುತ್ತವೆ. ಹನ್ನೊಂದು ಹೆಂಗಸರು ಆಗ ಹನ್ನೊಂದಾಗಿ ಉಳಿಯುವುದಿಲ್ಲ. ಇಬ್ಬರ ನೆರಳು ಕೂಡಿ ಒಂದಾಗುತ್ತದೆ, ಒಬ್ಬಳ ಜಡೆ ಹಿನ್ನೆಲೆಯಲ್ಲಿ ಕರಗುತ್ತದೆ. ಚಿತ್ರಕಾರ ಜನರನ್ನು ಜೋಡಿಸಲಿಲ್ಲ, ಕತ್ತಲು ಬೆಳಕನ್ನು ಜೋಡಿಸಿದ ಎಂಬುದು ಈ ಹಂತದಲ್ಲಿ ತಿಳಿಯುತ್ತದೆ. ಅಂಬರ್‌ಗೆ ಇನ್ನೊಂದು ಗುಣವಿದೆ. ಅದರಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಹಳಬರು ಅಡಿಪಾಯಕ್ಕೆ ಅದನ್ನೇ ಹಿಡಿದದ್ದು ಸುಮ್ಮನೆ ಅಲ್ಲ.

ಒಣಗುವ ಮಾತು ಬಂದಾಗ ಒಂದು ವಿಷಯ ಬಿಡಿಸಿ ಹೇಳಬೇಕು. ತೈಲವರ್ಣ ಬಟ್ಟೆಯಂತೆ ನೀರು ಆರಿ ಒಣಗುವುದಿಲ್ಲ. ಅದರಲ್ಲಿರುವುದು ಅಗಸೆ ಎಣ್ಣೆ, ಧಾರವಾಡದ ಕಡೆ ಚಟ್ನಿ ಪುಡಿ ಮಾಡುವ ಅದೇ ಅಗಸೆಯದು. ಗಾಳಿಯ ಆಮ್ಲಜನಕ ಹೀರಿಕೊಂಡು ಅದು ನಿಧಾನಕ್ಕೆ ಗಟ್ಟಿ ಪೊರೆಯಾಗುತ್ತದೆ. ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕೆಂಬ ನಿಯಮ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಬಿಗಿದುಕೊಂಡು, ಕೆಳಗಿನದು ಇನ್ನೂ ಅಲುಗಾಡುತ್ತಿದ್ದು, ಕೆಲವು ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಮುಂಬೈಯ ಜುಲೈ ತಿಂಗಳಲ್ಲಿ ಮೂರು ದಿನಕ್ಕೆ ಒಣಗಬೇಕಾದದ್ದು ವಾರವಾದರೂ ಬೆರಳಿಗೆ ಅಂಟುತ್ತದೆ, ಕ್ಯಾನ್ವಾಸಿನ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ. ದೆಹಲಿಯ ಜನವರಿಯಲ್ಲಿ ಚಳಿಗೆ ಅದೇ ಗತಿ. ಎರಡೂವರೆ ಗಂಟೆಯ ಶಿಬಿರಕ್ಕೂ ಈ ಮಾಧ್ಯಮಕ್ಕೂ ಜಾತಕವೇ ಕೂಡುವುದಿಲ್ಲ. ಆದರೆ ನೌಕರಿ ಮಾಡುವವರಿಗೆ ಈ ನಿಧಾನವೇ ಅನುಕೂಲ. ಭಾನುವಾರ ಹಾಕಿದ ಪದರ ಮುಂದಿನ ಭಾನುವಾರಕ್ಕೆ ಸಿದ್ಧವಾಗಿರುತ್ತದೆ. ತಿಂಗಳುಗಟ್ಟಲೆ ಒಂದೇ ಚಿತ್ರದ ಮುಂದೆ ಕೂರುವುದು ದೋಷವಲ್ಲ, ಅದು ಈ ಬಣ್ಣದ ಸ್ವಭಾವ.

ಬಣ್ಣದ ಹಂತದಲ್ಲಿ ಹೊಸಬರು ಮಾಡುವ ಕೆಲಸ ಒಂದೇ. ಚೆಂದದ ಮುಖವೊಂದನ್ನು ಆರಿಸಿಕೊಂಡು ಅದನ್ನು ಪೂರ್ತಿ ಮುಗಿಸುವುದು. ರೆಪ್ಪೆ, ಮೂಗುತಿ, ತುಟಿಯ ಹೊಳಪು ಎಲ್ಲ ಬಂತು, ಮನೆಯವರೆಲ್ಲ ಹೊಗಳಿದರು. ಈಗ ಉಳಿದ ಹತ್ತು ಮುಖಗಳು ಕಂದು ನೆರಳಿನಲ್ಲಿವೆ, ಇದೊಂದು ಮಾತ್ರ ಟ್ಯೂಬ್‌ಲೈಟ್ ಹಾಕಿದಂತೆ ಬೆಳಗುತ್ತಿದೆ. ಉಳಿದವನ್ನು ಇದರ ಮಟ್ಟಕ್ಕೆ ತರಲು ಹೋದರೆ ಹನ್ನೊಂದೂ ಒಂದೇ ಜೋರಿನಲ್ಲಿ ಕಿರುಚುತ್ತವೆ. ಹಾಗಾಗಿ ಎಲ್ಲ ಮುಖಗಳಿಗೂ ಮೊದಲು ಒಂದೊಂದು ಬಡ ಬಣ್ಣ, ಎಲ್ಲ ಸೀರೆಗಳಿಗೂ ಒಂದೊಂದು, ಹಿನ್ನೆಲೆಗೆ ಒಂದು. ಆಮೇಲೆ ಎರಡನೆಯ ಸುತ್ತು, ಮೂರನೆಯ ಸುತ್ತು. ಮದುವೆ ಪಂಕ್ತಿಯಲ್ಲಿ ಒಬ್ಬನ ಎಲೆಗೆ ಹೋಳಿಗೆಯವರೆಗೆ ಬಡಿಸಿ ಆಮೇಲೆ ಪಕ್ಕದವನಿಗೆ ಉಪ್ಪು ಹಾಕುವ ಪದ್ಧತಿ ಎಲ್ಲೂ ಇಲ್ಲವಲ್ಲ.

ಮೈಬಣ್ಣಕ್ಕೆ ಹೆಚ್ಚು ಟ್ಯೂಬುಗಳು ಬೇಡ. ಬಿಳಿ, ಹಳದಿ ಓಕರ್, ಒಂದು ಕೆಂಪು, ಕಪ್ಪು. ಸ್ವೀಡನ್ನಿನ ಆಂದೆಶ್ ಸೋರ್ನ್ ಈ ನಾಲ್ಕರಲ್ಲೇ ಮುಖಗಳನ್ನು ಬರೆದವನೆಂದು ಹೆಸರಾದವನು. ಅಂಗಡಿಯಲ್ಲಿ ‘ಸ್ಕಿನ್ ಕಲರ್’ ಎಂದು ಸಿಗುವ ಗುಲಾಬಿ ಟ್ಯೂಬನ್ನು ಭಾರತೀಯರ ಮುಖಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದು ಹಚ್ಚಿದವರಿಗೆ ಗೊತ್ತು. ಕಪ್ಪಿನಲ್ಲಿ ಬಿಳಿ ಬೆರೆತರೆ ಅದು ಕೆಂಪಿನ ಪಕ್ಕದಲ್ಲಿ ನೀಲಿಯಂತೆ ಕಾಣುತ್ತದೆ, ಓಕರ್ ಬೆರೆತರೆ ಹಸಿರಿನಂತೆ. ಗಲ್ಲದ ಕೆಳಗಿನ ತಂಪು ನೆರಳಿಗೆ ಅಷ್ಟು ಸಾಕು. ಜರಿ ಇದಕ್ಕಿಂತ ದೊಡ್ಡ ಬೆರಗು. ದೂರದಿಂದ ಚಿನ್ನದಂತೆ ಹೊಳೆಯುವ ಅಂಚಿನ ಹತ್ತಿರ ಹೋದರೆ ಅಲ್ಲಿ ಚಿನ್ನದ ಬಣ್ಣವೇ ಇರುವುದಿಲ್ಲ. ಕಂದು, ಮಾಸಲು ಓಕರ್, ಅದರ ಮೇಲೆ ಅಲ್ಲೊಂದು ಇಲ್ಲೊಂದು ದಪ್ಪನೆಯ ತಿಳಿ ಹಳದಿಯ ಚುಕ್ಕೆ. ಅಂಚಿನುದ್ದಕ್ಕೂ ಚುಕ್ಕೆ ಇಟ್ಟರೆ ಜರಿ ಸಾಯುತ್ತದೆ. ಬೆಳಕು ಬೀಳುವ ಮಡಿಕೆಯಲ್ಲಿ ಮೂರು ಇಟ್ಟರೆ ಇಡೀ ಅಂಚು ಹೊಳೆಯುತ್ತದೆ. ಇದನ್ನು ಒಮ್ಮೆ ತನ್ನ ಕೈಯಿಂದ ಮಾಡಿ ನೋಡಿದವರು ಮುಂದೆ ರೇಷ್ಮೆ ಸೀರೆ ಅಂಗಡಿಗೆ ಹೋದಾಗಲೂ ಬೇರೆ ಕಣ್ಣಿನಿಂದ ನೋಡುತ್ತಾರೆ.

ರವಿವರ್ಮರಿಗೆ ಈ ವಿದ್ಯೆ ಯಾರೂ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ತಿರುವನಂತಪುರದ ಅರಮನೆಯ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಹೇಳಿಕೊಡಲು ಒಪ್ಪಲಿಲ್ಲ, 1868ರಲ್ಲಿ ಅಲ್ಲಿಗೆ ಬಂದ ಯುರೋಪಿನ ಭಾವಚಿತ್ರಕಾರ ಥಿಯೊಡೋರ್ ಜೆನ್ಸನ್ ತಾನು ಕೆಲಸ ಮಾಡುವಾಗ ನೋಡಲು ಮಾತ್ರ ಬಿಟ್ಟ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಬರೀ ನೋಡಿ, ಮನೆಗೆ ಹೋಗಿ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತ ವಿದ್ಯೆ. ಅವರ ಚಿತ್ರದ ಮುಂದೆ ಕೂತು ಕಲಿಯುವವರು ಅವರು ಹಿಡಿದ ದಾರಿಯನ್ನೇ ಹಿಡಿದಂತೆ.

ಇನ್ನು ಆಕ್ಷೇಪಗಳು. ಗಟ್ಟಿಯಾದದ್ದು ಇತಿಹಾಸದಿಂದ ಬರುತ್ತದೆ. ಮದರಾಸಿನ ಕಲಾಶಾಲೆ 1850ರದು, ಮುಂಬೈಯ ಜೆ.ಜೆ. 1857ರದು. ಬ್ರಿಟಿಷರು ಕಟ್ಟಿದ ಇಂಥ ಶಾಲೆಗಳಲ್ಲಿ ನಮ್ಮ ಹುಡುಗರು ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ಅಚ್ಚುಗಳನ್ನು ವರ್ಷಗಟ್ಟಲೆ ನೋಡಿ ಬರೆದರು. ತಮ್ಮದೇ ಶಿಲ್ಪ, ತಮ್ಮದೇ ಭಿತ್ತಿಚಿತ್ರ ಕೀಳು ಎಂಬ ಭಾವನೆ ಅದರ ಜೊತೆಗೇ ಬೆಳೆಯಿತು. ಇದು ಸುಳ್ಳಲ್ಲ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಗ ಇದಕ್ಕೆ ಎದುರು ನಿಂತಿತು, ರವಿವರ್ಮರ ತೈಲವರ್ಣವನ್ನು ಆನಂದ ಕುಮಾರಸ್ವಾಮಿಯವರಂಥವರು ಕಟುವಾಗಿ ಟೀಕಿಸಿದರು. ಆದರೆ ಆ ಬಳಗ ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಯಾವುದು? ಲೇಡಿ ಹೆರಿಂಗಮ್ ಜೊತೆ ಅಜಂತಾಕ್ಕೆ ಹೋಗಿ ಗುಹೆಗಳ ಚಿತ್ರಗಳ ಪ್ರತಿ ತೆಗೆದದ್ದು. ನಂದಲಾಲ್ ಬೋಸ್ ಹೋದರು, ಅಸಿತ್ ಹಲ್ದಾರ್ ಹೋದರು, ಮೈಸೂರಿನ ಕೆ. ವೆಂಕಟಪ್ಪನವರೂ ಹೋದರು. ಪಶ್ಚಿಮವನ್ನು ನಕಲು ಮಾಡಬಾರದು ಎಂದವರು ನಕಲನ್ನೇ ಬಿಡಲಿಲ್ಲ, ಗುರುವನ್ನು ಬದಲಿಸಿದರು ಅಷ್ಟೆ. ಜಗಳ ಇದ್ದದ್ದು ಯಾರ ಮುಂದೆ ಕೂರಬೇಕು ಎಂಬುದರ ಬಗ್ಗೆ, ಕೂರಬೇಕೇ ಎಂಬುದರ ಬಗ್ಗೆ ಅಲ್ಲ.

ಅಜಂತಾ ಪ್ರತಿಗಳ ಕತೆಯಲ್ಲಿ ಇನ್ನೊಂದು ಕಹಿ ತುಣುಕಿದೆ. ಮೇಜರ್ ರಾಬರ್ಟ್ ಗಿಲ್ ವರ್ಷಗಳ ಕಾಲ ದುಡಿದು ತೆಗೆದ ತೈಲವರ್ಣದ ಪ್ರತಿಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಹೋದವು. ಆಮೇಲೆ ಜಾನ್ ಗ್ರಿಫಿತ್ಸ್ ಮುಂಬೈ ಶಾಲೆಯ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೋಗಿ ಮತ್ತೆ ತೆಗೆಸಿದ. ಅವುಗಳಲ್ಲೂ ಹಲವು 1885ರಲ್ಲಿ ಲಂಡನ್ನಿನಲ್ಲೇ ಸುಟ್ಟುಹೋದವು. ಪ್ರತಿಗಳು ಬೂದಿಯಾದವು, ಆ ಮುಂಬೈ ಹುಡುಗರ ಕೈಯಲ್ಲಿ ಅಜಂತಾದ ಗೆರೆ ಉಳಿಯಿತು.

ಯಂತ್ರವೇ ಇದನ್ನು ಮಾಡುವಾಗ ಮನುಷ್ಯ ಏಕೆ ಮಾಡಬೇಕು ಎಂಬುದು ಈಗಿನ ಪ್ರಶ್ನೆ. ಕ್ಯಾನ್ವಾಸಿನ ಮೇಲೆ ಯಾವ ಚಿತ್ರವನ್ನಾದರೂ ಮುದ್ರಿಸಿ, ಮೇಲೆ ಅಂಟಿನಿಂದ ಕುಂಚದ ಗುರುತು ಮೂಡಿಸಿ ಕೊಡುವ ಅಂಗಡಿಗಳಿವೆ. ಹೊಸ ಪ್ರಶ್ನೆಯೇನಲ್ಲ ಇದು. ರವಿವರ್ಮರೇ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಹಾಕಿದರು. ತೈಲವರ್ಣದಂತೆ ಕಾಣುವ ಅಚ್ಚುಗಳನ್ನು ಕಲ್ಲಿನಿಂದ ತೆಗೆದು ಮನೆಮನೆಯ ದೇವರ ಗೂಡಿಗೆ ಲಕ್ಷ್ಮಿ, ಸರಸ್ವತಿಯರನ್ನು ಮುಟ್ಟಿಸಿದ್ದು ಅದೇ. ಮುಂದೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಪುಣೆ ಲೋಕಲ್‌ನಲ್ಲಿ ಓಡಾಡುವವರು ಆ ಸ್ಟೇಷನ್ನನ್ನು ಈಗಲೂ ದಾಟುತ್ತಾರೆ. ಅಚ್ಚು ಗೋಡೆಗೆ ಬೇಕಾದದ್ದನ್ನು ಕೊಟ್ಟಿತು, ಇಂದಿನ ಯಂತ್ರವೂ ಕೊಡುತ್ತದೆ. ಕೈಗೆ ಬೇಕಾದದ್ದು ಅದರಿಂದ ಸಿಗುವುದಿಲ್ಲ. ಗೋಡೆಗೆ ಒಂದು ರವಿವರ್ಮ ಬೇಕೆನ್ನುವವರು ಖಂಡಿತ ಮುದ್ರಿಸಿಕೊಳ್ಳಲಿ, ಆರು ತಿಂಗಳ ಕೆಲಸಕ್ಕಿಂತ ಅದು ಅಗ್ಗ, ಮೂಲಕ್ಕೂ ಹತ್ತಿರ.

ನಕಲು ಭಕ್ತಿಯನ್ನು ಬೆಳೆಸುತ್ತದೆ, ಸ್ವಂತಿಕೆಯನ್ನು ಕೊಲ್ಲುತ್ತದೆ ಎನ್ನುವವರು ಯಾರೂ ಬಹುಶಃ ಒಂದು ಚಿತ್ರವನ್ನು ಪೂರ್ತಿ ಪ್ರತಿ ತೆಗೆದು ನೋಡಿಲ್ಲ. ಆರು ತಿಂಗಳು ಒಂದೇ ಚಿತ್ರದೊಳಗೆ ಇದ್ದವರಿಗೆ ಅದರ ದೌರ್ಬಲ್ಯಗಳು ಕಂಡಷ್ಟು ವಿಮರ್ಶಕರಿಗೂ ಕಾಣುವುದಿಲ್ಲ. ಮೈಸೂರಿನ ಆ ಹನ್ನೊಂದು ಜನರನ್ನೇ ನೋಡಿ. ಒಟ್ಟಿಗೆ ಇದ್ದಾರೆ, ಒಟ್ಟಾಗಿ ನುಡಿಸುತ್ತಿಲ್ಲ. ಒಬ್ಬಳ ನೋಟ ಎತ್ತಲೋ, ಇನ್ನೊಬ್ಬಳದು ಮತ್ತೆತ್ತಲೋ, ಒಬ್ಬರಿಗೊಬ್ಬರು ಶ್ರುತಿ ಕೊಡುವ ಲಕ್ಷಣವೇ ಇಲ್ಲ. ಬೇರೆ ಬೇರೆ ದಿನ ಬೇರೆ ಬೇರೆಯಾಗಿ ಕೂರಿಸಿ ಆಮೇಲೆ ಸೇರಿಸಿದ ಗ್ರೂಪ್ ಫೋಟೋದಂತಿದೆ. ಒಂದು ಮುಖದಿಂದ ಪಕ್ಕದ ಮುಖಕ್ಕೆ ಕುಂಚ ಒಯ್ಯುವಾಗ ನಡುವೆ ದಾಟಬೇಕಾದ ಮೌನ ಪ್ರತಿ ತೆಗೆಯುವವರ ಕೈಗೆ ತಾಗುತ್ತದೆ. ಹಾಗೆ ನೋಡಿದರೆ ಅದು ಸಂಗೀತದ ಚಿತ್ರವಲ್ಲ, ಸೀಮೆಗಳ ಪಟ್ಟಿ. ಒಂದು ದೇಶ ಎಂದರೆ ಯಾರ್ಯಾರು ಎಂದು 1889ರಲ್ಲಿ ಒಬ್ಬ ಕಲಾವಿದ ಮಾಡಿದ ಎಣಿಕೆ. ಇದು ಹೊಳೆದ ಮೇಲೆ ಕಲಿಯುವವರ ಮುಂದೆ ಸಹಜವಾಗಿ ಇನ್ನೊಂದು ಚಿತ್ರ ಬಂದು ನಿಲ್ಲುತ್ತದೆ. ಈ ಹನ್ನೊಂದು ಜನ ಒಬ್ಬರನ್ನೊಬ್ಬರು ನೋಡಿದರೆ ಹೇಗಿರುತ್ತದೆ? ಇವರ ಬದಲು ಚೆಂಬೂರಿನ ಭಜನಾ ಮಂಡಳಿಯ ಹೆಂಗಸರು ಕೂತರೆ? ಆ ಪ್ರಶ್ನೆ ಬಂದ ದಿನ ಪ್ರತಿಯನ್ನು ಮುಗಿಸದೆ ಬಿಟ್ಟರೂ ನಷ್ಟವಿಲ್ಲ.

ಸೋಗಿನ ಭಯ ಮಾತ್ರ ನಿಜ. ಹಳೆಯ ಕಲಾವಿದರ ಹೆಸರಿನಲ್ಲಿ ಸುಳ್ಳು ಚಿತ್ರ ಮಾರುವ ದಂಧೆ ಇಂದಿಗೂ ಇದೆ. ಅದಕ್ಕೆ ಮದ್ದು ಲೂವ್ರ್‌ನ ಷರತ್ತುಗಳಲ್ಲೇ ಇದೆ. ಅಳತೆ ಬೇರೆ ಇರಲಿ, ಮೂಲದ ಸಹಿ ಬೇಡ, ಬೆನ್ನಿನ ಮೇಲೆ ಯಾವುದರ ಪ್ರತಿ, ಯಾರು ತೆಗೆದದ್ದು, ಯಾವ ವರ್ಷ ಎಂದು ಅಳಿಸಲಾಗದಂತೆ ಬರೆದಿರಲಿ. ಕಾನೂನಿನ ತೊಡಕೂ ಇಲ್ಲ. ಭಾರತದಲ್ಲಿ ಕೃತಿಸ್ವಾಮ್ಯ ಕಲಾವಿದರು ತೀರಿಕೊಂಡ 60 ವರ್ಷಕ್ಕೆ ಮುಗಿಯುತ್ತದೆ, ರವಿವರ್ಮರು ತೀರಿಕೊಂಡದ್ದು 1906ರಲ್ಲಿ.

ಉಳಿಯುವುದು ನಿಜವಾದ ತೊಡಕು, ಮೂಲದ ಮುಂದೆ ಕೂರಲು ಜಾಗ. ಮೇಲೆ ಹೇಳಿದ ಜರಿಯ ಚುಕ್ಕೆಗಳು, ಗಲ್ಲದ ಕೆಳಗಿನ ನೆರಳು, ಯಾವ ಪದರ ತೆಳು ಯಾವುದು ದಪ್ಪ ಎಂಬ ಗುಟ್ಟು, ಇವು ಯಾವುವೂ ಮೊಬೈಲಿನಲ್ಲಿ ಕಾಣುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ಒಂದೇ ಚಿತ್ರಕ್ಕೆ ಹತ್ತು ಫೋಟೋ ಸಿಗುತ್ತವೆ, ಹತ್ತರಲ್ಲೂ ಒಂದೊಂದು ಬಣ್ಣ. ಒಂದರಲ್ಲಿ ಹಿನ್ನೆಲೆ ಹಸಿರು, ಇನ್ನೊಂದರಲ್ಲಿ ಕಾಫಿ. ಹಾಗಾಗಿ ಫೋಟೋ ನೋಡಿ ಚೌಕ ಎಳೆಯಬಹುದು, ಕಂದು ಪದರ ಹಾಕಬಹುದು, ಆಮೇಲೆ ಕೈ ಕಟ್ಟುತ್ತದೆ. ಸರ್ಕಾರ 1979ರಲ್ಲಿ ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾಸಂಪತ್ತು ಎಂದು ಘೋಷಿಸಿ ದೇಶದಿಂದ ಹೊರಗೆ ಹೋಗದಂತೆ ಮಾಡಿತು. ಸರಿ, ಹೋಗುವುದು ಬೇಡ. ಒಳಗಿರುವವುಗಳಿಂದ ಕಲಿಯಲು ಯಾರಿಗೆ ಅವಕಾಶವಿದೆ? ನಮ್ಮ ಸಂಗ್ರಹಾಲಯಗಳಲ್ಲಿ ಸೆಲ್ಫಿ ತೆಗೆಯುವವರು ಕಂಡಷ್ಟು ಈಸಲ್ ಇಟ್ಟು ಕೂತವರು ಕಾಣುವುದಿಲ್ಲ. ಕೂರುವ ಪದ್ಧತಿಯೇ ಬೆಳೆದಿಲ್ಲ, ಕೇಳುವವರೂ ಇಲ್ಲ.

ಕೇಳಬೇಕಾದವರು ಹೊರನಾಡಿನ ಕನ್ನಡಿಗರೂ ಆಗಬಹುದು, ಏಕೆಂದರೆ ಅವರಿರುವ ಊರುಗಳಲ್ಲೇ ಈ ಚಿತ್ರಗಳಿವೆ. ಚೆನ್ನೈಯ ಎಗ್ಮೋರ್ ಸರ್ಕಾರಿ ಸಂಗ್ರಹಾಲಯದಲ್ಲಿ ರವಿವರ್ಮರಿದ್ದಾರೆ, ಹೈದರಾಬಾದಿನ ಸಾಲಾರ್ ಜಂಗ್‌ನಲ್ಲಿ ಇದ್ದಾರೆ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಇದ್ದಾರೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯದಲ್ಲಿ ಟಾಟಾ ಮನೆತನದವರು ಕೊಟ್ಟ ಯುರೋಪಿನ ತೈಲವರ್ಣಗಳಿವೆ. ಈ ಊರುಗಳ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಚಿತ್ರಕಲಾ ಸ್ಪರ್ಧೆ ಇಡುತ್ತವೆ. ಒಂದು ವರ್ಷ ಅದರ ಬದಲು ಸಂಗ್ರಹಾಲಯದ ನಿರ್ದೇಶಕರಿಗೆ ಒಂದು ಪತ್ರ ಬರೆಯಲಿ. ಕೇಳುವುದು ದೊಡ್ಡದೇನಲ್ಲ. ವಾರಕ್ಕೆ ಒಂದು ಬೆಳಗ್ಗೆ, ಬಾಗಿಲು ತೆರೆದ ಮೊದಲ ಎರಡು ಗಂಟೆ, ಒಂದು ಚಿತ್ರದ ಮುಂದೆ ಇಬ್ಬರಿಗೆ ಮಾತ್ರ ಜಾಗ. ನೆಲಕ್ಕೆ ಟಾರ್ಪಾಲು, ಚಿತ್ರದಿಂದ ಎರಡು ಮೀಟರ್ ದೂರ, ಒಳಗೆ ಟರ್ಪೆಂಟೈನ್ ಬಾಟಲಿ ಬೇಡ. ಎಣ್ಣೆಯ ಭಯ ಹೋಗದಿದ್ದರೆ ಮೊದಲ ವರ್ಷ ಪೆನ್ಸಿಲ್ಲು ಮತ್ತು ಬಣ್ಣದ ಟಿಪ್ಪಣಿಗಳಿಗಷ್ಟೇ ಒಪ್ಪಿಗೆ ಕೊಡಲಿ. ಅಲ್ಲಿ ಕೂತು ಒಂದೊಂದು ನೆರಳಿಗೂ ಬಣ್ಣ ಬೆರೆಸಿ ಕಾಗದದ ಚೂರಿಗೆ ಹಚ್ಚಿ ಹೊಂದಿಸಿ ನೋಡಿ, ಆ ಚೂರುಗಳನ್ನು ಮನೆಗೆ ಒಯ್ದು ಕ್ಯಾನ್ವಾಸಿನ ಕೆಲಸ ಮಾಡಬಹುದು. ಅದಕ್ಕೆ ಒಂದು ಮಡಚುವ ಸ್ಟೂಲು ಮತ್ತು ಕಾವಲುಗಾರರು ಎಬ್ಬಿಸದಂತೆ ನಿರ್ದೇಶಕರ ಸಹಿ ಇರುವ ಒಂದು ಚೀಟಿ ಸಾಕು.